ಐವಿಎಫ್ ಸ್ಟಿಮ್ಯುಲೇಶನ್: ಸೆಟ್ರೊರೆಲಿಕ್ಸ್ ಸೂಜಿಯಾ, ಪ್ರೊಜೆಸ್ಟಿನ್ ಮಾತ್ರೆಯಾ, ಹಳೇ ಲಾಂಗ್ ಪ್ರೋಟೊಕಾಲಾ?

ಕಾರ್ಕಳದವ

ವಿಷಯ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಹೆಂಡತಿಗೆ 31 ವರ್ಷ, ತೂಕ 68 ಕೆಜಿ, ಪಿಸಿಓಎಸ್ (ಅಂಡಾಶಯದಲ್ಲಿ ತುಂಬಾ ಸಣ್ಣ ಗುಳ್ಳೆ, ಮುಟ್ಟು ಏರುಪೇರು) ಉಂಟು. ಎಎಂಎಚ್ (ಅಂಡ ಎಷ್ಟು ಉಳಿದಿದೆ ಎಂದು ಅಂದಾಜಿಸುವ ರಕ್ತಪರೀಕ್ಷೆ) 7.4, ಎರಡೂ ಕಡೆ ಸೇರಿ ಎಎಫ್‌ಸಿ (ಸ್ಕ್ಯಾನಲ್ಲಿ ಕಾಣುವ ಸಣ್ಣ ಫಾಲಿಕಲ್, ಅಂದರೆ ಅಂಡ ಇರುವ ಗುಳ್ಳೆಗಳ ಎಣಿಕೆ) 28. ಟ್ಯೂಬ್ ಎರಡೂ ಬ್ಲಾಕ್, ಹಾಗಾಗಿ ನೇರ ಐವಿಎಫ್. ನನ್ನ ರಿಪೋರ್ಟ್ ನಾರ್ಮಲ್.

ಮಂಗಳೂರಿನಲ್ಲಿ ಬರೆದುಕೊಟ್ಟದ್ದು: ರಿಕಾಂಬಿನೆಂಟ್ (ಲ್ಯಾಬಲ್ಲಿ ತಯಾರಿಸಿದ) ಎಫ್‌ಎಸ್‌ಎಚ್ ಹಾರ್ಮೋನ್ ಪೆನ್ ದಿನಕ್ಕೆ 150 ಯೂನಿಟ್, ಆರನೇ ದಿನದಿಂದ ಸೆಟ್ರೊರೆಲಿಕ್ಸ್ 0.25 ಮಿಗ್ರಾಂ. ಉಡುಪಿಯಲ್ಲಿ ಹೇಳಿದ್ದು: ಎಚ್‌ಎಂಜಿ (ಮೂತ್ರದಿಂದ ತೆಗೆದ ಅಂಥದ್ದೇ ಹಾರ್ಮೋನ್) 150, ಮೊದಲ ದಿನದಿಂದಲೇ ಮೆಡ್ರಾಕ್ಸಿಪ್ರೊಜೆಸ್ಟೆರಾನ್ 10 ಮಿಗ್ರಾಂ ಮಾತ್ರೆ, ಭ್ರೂಣ ಎಲ್ಲವೂ ಫ್ರೀಜ್. ಸಂಬಂಧಿಕರೊಬ್ಬರು "ನಮಗೆ ಇಪ್ಪತ್ತೊಂದನೇ ದಿನದಿಂದಲೇ ಸೂಜಿ ಶುರು ಮಾಡಿದ್ರು, ಅದೇ ಒಳ್ಳೇದು" ಎನ್ನುತ್ತಾರೆ.

ಮೂರರಲ್ಲಿ ಮಗು ಆಗುವ ಸಾಧ್ಯತೆ ಯಾವುದರಲ್ಲಿ ಜಾಸ್ತಿ? ಪೆನ್‌ಗೆ ಅಷ್ಟು ಹಣ ಹಾಕುವುದರಲ್ಲಿ ಅರ್ಥ ಉಂಟಾ? ಮಾತ್ರೆ ತಗೊಂಡರೆ ಎಲ್ಲ ಫ್ರೀಜ್ ಮಾಡಲೇಬೇಕು ಅಂತಾರಲ್ಲ, ಅದು ಬಿಲ್ ಏರಿಸಲಿಕ್ಕಾ? ಧೈರ್ಯ ಹೇಳುವುದು ಬೇಡ, ಲೆಕ್ಕ ಬೇಕು.

---

ಹಾರ್ಮೋನ್ ಲೆಕ್ಕ

ನೀವು ಸೂಜಿಯಿಂದ ಶುರು ಮಾಡಿ ಕೇಳಿದ್ದೀರಿ. ಈ ಕೇಸಲ್ಲಿ ಕೊನೆಯಿಂದ ಹಿಂದಕ್ಕೆ ಬರಬೇಕು. ಇಬ್ಬರು ಡಾಕ್ಟ್ರಿಗೂ ಮೊದಲು ಕೇಳಬೇಕಾದದ್ದು, ಟ್ರಿಗರ್ (ಎಗ್ ಹಣ್ಣಾಗಿಸುವ ಕೊನೆಯ ಸೂಜಿ) ಯಾವುದು ಕೊಡ್ತೀರಿ ಅಂತ. ಎಎಂಎಚ್ 7.4 ಇರುವವರಿಗೆ ಎಗ್ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಇಲ್ಲ. ಹೆದರಬೇಕಾದದ್ದು ಅಂಡಾಶಯ ಅತಿಯಾಗಿ ಕೆರಳುವುದಕ್ಕೆ, ಅಂದರೆ ಓಎಚ್‌ಎಸ್‌ಎಸ್‌ಗೆ.

ಮೂರೂ ಪ್ರೋಟೊಕಾಲಿನಲ್ಲಿ ಫಾಲಿಕಲ್ ಬೆಳೆಸುವ ಕೆಲಸ ಒಂದೇ, ಅದನ್ನು ಎಫ್‌ಎಸ್‌ಎಚ್ ಮಾಡುತ್ತದೆ. ಹತ್ತಿಪ್ಪತ್ತು ಫಾಲಿಕಲ್ ಒಟ್ಟಿಗೆ ಬೆಳೆದರೆ ಈಸ್ಟ್ರೊಜನ್ ಬೇಗ ಏರುತ್ತದೆ, ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ) ಮೋಸ ಹೋಗಿ ಎಲ್‌ಎಚ್ (ಎಗ್ ಹೊರಬರಿಸುವ ಹಾರ್ಮೋನ್) ಬಿಡುತ್ತದೆ, ಪಿಕಪ್‌ಗೆ (ಡಾಕ್ಟ್ರು ಎಗ್ ಹೊರತೆಗೆಯುವುದಕ್ಕೆ) ಮೊದಲೇ ಎಗ್ ಜಾರಿ ಹೋಗುತ್ತದೆ. ಈ ಅವಸರದ ಎಲ್‌ಎಚ್ ತಡೆಯುವುದು ಹೇಗೆ ಎನ್ನುವುದರಲ್ಲಿ ಮಾತ್ರ ಮೂರಕ್ಕೂ ವ್ಯತ್ಯಾಸ.

ಲಾಂಗ್ ಪ್ರೋಟೊಕಾಲಿನಲ್ಲಿ ಹಿಂದಿನ ಮುಟ್ಟಿನ 21ನೇ ದಿನದಿಂದ ಲ್ಯೂಪ್ರೊಲೈಡ್ ಅಥವಾ ಟ್ರಿಪ್ಟೊರೆಲಿನ್‌ನಂಥ ಅಗೊನಿಸ್ಟ್ ದಿನವೂ ಹಾಕುತ್ತಾರೆ. ಅದು ಮೊದಲು ಪಿಟ್ಯುಟರಿಯನ್ನು ಕೆರಳಿಸಿ, ಎರಡು ವಾರದೊಳಗೆ ಸುಮ್ಮನಾಗಿಸುತ್ತದೆ. ಈಸ್ಟ್ರಡಿಯಾಲ್ (ರಕ್ತದಲ್ಲಿ ಅಳೆಯುವ ಈಸ್ಟ್ರೊಜನ್) 50 ಪಿಕೊಗ್ರಾಂಗಿಂತ ಕೆಳಗೆ ಬಂದು, ಗರ್ಭಕೋಶದ ಒಳಪದರ ತೆಳ್ಳಗಾದ ಮೇಲೆ ಎಫ್‌ಎಸ್‌ಎಚ್ ಶುರು. ಸೂಜಿ ಹೆಚ್ಚು, ದಿನ ಹೆಚ್ಚು, ಮೊದಲ ಕೆರಳಿಕೆಯಿಂದ ಕೆಲವರಲ್ಲಿ ಸಿಸ್ಟ್ ಕೂಡ ಬರುತ್ತದೆ. ದೊಡ್ಡ ತೊಂದರೆ ಬೇರೆಯೇ ಉಂಟು: ಪಿಟ್ಯುಟರಿ ಮಲಗಿರುವುದರಿಂದ ಕೊನೆಗೆ ಎಚ್‌ಸಿಜಿ (ಗರ್ಭ ನಿಂತಾಗ ಬರುವ ಹಾರ್ಮೋನ್) ಟ್ರಿಗರ್ ಬಿಟ್ಟು ಬೇರೆ ದಾರಿ ಇಲ್ಲ.

ಎಚ್‌ಸಿಜಿ ದೇಹದಲ್ಲಿ ವಾರದ ತನಕ ಕೂರುತ್ತದೆ. ಅಷ್ಟೂ ದಿನ ಅಂಡಾಶಯ ವಿಇಜಿಎಫ್ ಎಂಬ ಪ್ರೋಟೀನ್ ಸುರಿಸುತ್ತದೆ, ರಕ್ತನಾಳ ಸೋರುತ್ತದೆ, ನೀರು ಹೊಟ್ಟೆಗೆ ಇಳಿಯುತ್ತದೆ. ಓಎಚ್‌ಎಸ್‌ಎಸ್ ಅಂದರೆ ಇದೇ. 28 ಎಎಫ್‌ಸಿ ಇರುವವರಿಗೆ ಲಾಂಗ್ ಹಾಕುವುದು ನನ್ನ ಲೆಕ್ಕದಲ್ಲಿ ಬೇಡದ ಅಪಾಯ. ಎಂಡೊಮೆಟ್ರಿಯೊಸಿಸ್, ಅಡಿನೊಮಯೊಸಿಸ್ ಕೇಸಿಗೆ ಇನ್ನೂ ಕೆಲವರು ಅದನ್ನು ಇಟ್ಟುಕೊಂಡಿದ್ದಾರೆ, ಅದು ಬೇರೆ ಚರ್ಚೆ.

ಸೆಟ್ರೊರೆಲಿಕ್ಸ್, ಗ್ಯಾನಿರೆಲಿಕ್ಸ್ ಎರಡೂ ಆಂಟಗೊನಿಸ್ಟ್. ಪಿಟ್ಯುಟರಿಯ ರಿಸೆಪ್ಟರ್‌ಗೆ ಅಡ್ಡ ಕೂತು ಕೆಲವೇ ಗಂಟೆಯಲ್ಲಿ ಎಲ್‌ಎಚ್ ನಿಲ್ಲಿಸುತ್ತವೆ. ಎಫ್‌ಎಸ್‌ಎಚ್‌ನ ಐದು ಅಥವಾ ಆರನೇ ದಿನ ಖಾಯಂ ಶುರು ಮಾಡುವುದು ಒಂದು ಕ್ರಮ, ದೊಡ್ಡ ಫಾಲಿಕಲ್ 13–14 ಮಿಮೀ ಆದಾಗ ಶುರು ಮಾಡುವುದು ಇನ್ನೊಂದು. ಪಿಸಿಓಎಸ್‌ನಲ್ಲಿ ಎಲ್‌ಎಚ್ ಮೊದಲೇ ಜಾಸ್ತಿ ಇರುವುದುಂಟು, ಅಂಥವರಿಗೆ ಸ್ಕ್ಯಾನ್ ಕಾಯುವುದಕ್ಕಿಂತ ಖಾಯಂ ದಿನವೇ ನೆಮ್ಮದಿ. ಇಲ್ಲಿ ಪಿಟ್ಯುಟರಿ ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ಕೊನೆಗೆ ಅಗೊನಿಸ್ಟ್ ಟ್ರಿಗರ್ ಕೊಡಬಹುದು, ಟ್ರಿಪ್ಟೊರೆಲಿನ್ 0.2 ಮಿಗ್ರಾಂ ಅಥವಾ ಲ್ಯೂಪ್ರೊಲೈಡ್ 1–2 ಮಿಗ್ರಾಂ. ದೇಹದ್ದೇ ಎಲ್‌ಎಚ್ ಏರಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಅಂಡಾಶಯ ಬೇಗ ತಣ್ಣಗಾಗುತ್ತದೆ. ಓಎಚ್‌ಎಸ್‌ಎಸ್ ಹತ್ತಿರ ಹತ್ತಿರ ಇಲ್ಲ ಎನ್ನುವಷ್ಟು ಇಳಿಯುತ್ತದೆ.

ಪ್ರೊಜೆಸ್ಟಿನ್ ಕ್ರಮಕ್ಕೆ ಪಿಪಿಓಎಸ್ ಅನ್ನುತ್ತಾರೆ. ಶಾಂಘೈನ ತಂಡ 2015ರಲ್ಲಿ ಪ್ರಕಟಿಸಿದ ಮೇಲೆ ಎಲ್ಲ ಕಡೆ ಬಂತು. ಮೆಡ್ರಾಕ್ಸಿಪ್ರೊಜೆಸ್ಟೆರಾನ್ 10 ಮಿಗ್ರಾಂ ಅಥವಾ ಡೈಡ್ರೊಜೆಸ್ಟೆರಾನ್ 20 ಮಿಗ್ರಾಂ, ಮೊದಲ ಸೂಜಿಯ ದಿನದಿಂದ ಟ್ರಿಗರ್ ತನಕ. ಎಲ್‌ಎಚ್ ತಡೆಯುವುದರಲ್ಲಿ ಆಂಟಗೊನಿಸ್ಟ್‌ಗೆ ಕಡಿಮೆ ಇಲ್ಲ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಕೆಲವರಿಗೆ ಎಫ್‌ಎಸ್‌ಎಚ್ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಫ್ರೀಜ್ ಮಾಡಲೇಬೇಕು ಎನ್ನುವುದು ಬಿಲ್‌ಗೆ ಅಲ್ಲ. ಪ್ರೊಜೆಸ್ಟಿನ್ ಮೊದಲ ದಿನದಿಂದ ಹೋದರೆ ಒಳಪದರ ಭ್ರೂಣಕ್ಕಿಂತ ಎಷ್ಟೋ ಮುಂದೆ ಓಡಿರುತ್ತದೆ, ಆ ತಿಂಗಳು ಟ್ರಾನ್ಸ್‌ಫರ್ ಮಾಡಿದರೆ ಹಿಡಿಯುವುದಿಲ್ಲ.

ಮಗು ಆಗುವ ಸಾಧ್ಯತೆಗೆ ಬಂದರೆ, ಲಾಂಗ್ ಮತ್ತು ಆಂಟಗೊನಿಸ್ಟ್ ಹೋಲಿಸಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಟ್ರಯಲ್ ಕೂಡಿಸಿ ನೋಡುವ ವರದಿ) 73 ಟ್ರಯಲ್ ಇದ್ದವು. ಜೀವಂತ ಜನನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಆಂಟಗೊನಿಸ್ಟ್‌ನಲ್ಲಿ ಓಎಚ್‌ಎಸ್‌ಎಸ್ ಕಡಿಮೆ. ಪೆನ್ ಬಗ್ಗೆ ಕೂಡ ಅದೇ ಕಥೆ: ಮೂತ್ರದಿಂದ ತೆಗೆದ ಎಚ್‌ಎಂಜಿ ಮತ್ತು ರಿಕಾಂಬಿನೆಂಟ್ ಹೋಲಿಸಿದ 2011ರ ಕಾಕ್ರೇನ್‌ನಲ್ಲಿ 42 ಟ್ರಯಲ್, ಮಗುವಿನ ಲೆಕ್ಕ ಸಮ. ಪೆನ್‌ನಲ್ಲಿ ಅನುಕೂಲ ಉಂಟು, 12.5 ಯೂನಿಟ್‌ನ ಮೆಟ್ಟಿಲಲ್ಲಿ ಡೋಸ್ ಸರಿ ಮಾಡಬಹುದು. ನಿಮ್ಮ ಹೆಂಡತಿಗೆ 150ಕ್ಕಿಂತ 112.5 ಅಥವಾ 125 ಸಾಕಾಗಬಹುದು, ಅದನ್ನು ಡಾಕ್ಟ್ರ ಹತ್ತಿರ ಎತ್ತಿ. 75ರ ವಯಲ್‌ನಲ್ಲಿ ಅಂಥ ಡೋಸ್ ಹಾಕುವುದು ಕಿರಿಕಿರಿ.

---

ಪೆಟ್ರಿ ಡಿಶ್

ಮೇಲಿನವರು ಹೇಳಿದ್ದಕ್ಕೆ ಲ್ಯಾಬ್ ಕಡೆಯಿಂದ ಸೇರಿಸುತ್ತೇನೆ.

"ಎಲ್ಲ ಫಾಲಿಕಲ್ ದೊಡ್ಡದಾಗಲಿ" ಎಂದು ಕಾಯಿಸುವ ಆಸೆ ಪಿಸಿಓಎಸ್ ಕೇಸಲ್ಲಿ ಬಹಳ. ಮೆಚ್ಯೂರ್ ಎಗ್ ಹೆಚ್ಚಾಗಿ ಬರುವುದು 16ರಿಂದ 22 ಮಿಮೀ ಫಾಲಿಕಲ್‌ನಿಂದ. ಮೂರು ಫಾಲಿಕಲ್ 17–18 ಮುಟ್ಟಿದರೆ ಟ್ರಿಗರ್‌ಗೆ ಸಮಯ ಬಂತು. 12 ಮಿಮೀ ಇರುವ ಹದಿನೈದು ಫಾಲಿಕಲ್‌ಗಾಗಿ ಇನ್ನೆರಡು ದಿನ ಎಳೆದರೆ, ಮುಂದಿನವು ಹಣ್ಣಾಗಿ ಹೋಗುತ್ತವೆ, ಪ್ರೊಜೆಸ್ಟೆರಾನ್ 1.5 ನ್ಯಾನೊಗ್ರಾಂ ದಾಟುತ್ತದೆ, ಈಸ್ಟ್ರಡಿಯಾಲ್ ಏರುತ್ತದೆ. ಎಗ್ ಮೂವತ್ತು ಸಿಕ್ಕಿತು ಎಂದು ಕುಣಿಯುವುದು ಬೇಡ, ಅದರಲ್ಲಿ ಎಂ-2 (ಮೆಚ್ಯೂರ್ ಎಗ್) ಎಷ್ಟು ಕೇಳಿ. ಸಾಮಾನ್ಯ ಸೈಕಲ್‌ನಲ್ಲಿ ಮುಕ್ಕಾಲು ಭಾಗದ ಮೇಲೆ ಮೆಚ್ಯೂರ್ ಇರಬೇಕು. ಅರ್ಧಕ್ಕಿಂತ ಕಡಿಮೆ ಇದ್ದರೆ ಟ್ರಿಗರ್ ಬೇಗ ಆಯ್ತು, ಅಥವಾ ಟ್ರಿಗರ್ ಸರಿಯಾಗಿ ಕೆಲಸ ಮಾಡಲಿಲ್ಲ ಎಂದೇ ಮೊದಲು ಅನುಮಾನ.

ಫ್ರೀಜ್ ವಿಷಯ. ಪಿಸಿಓಎಸ್ ಇರುವ 1508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದ ಟ್ರಯಲ್ 2016ರಲ್ಲಿ ಬಂತು. ಫ್ರೀಜ್ ಮಾಡಿದ ಗುಂಪಿನಲ್ಲಿ ಜೀವಂತ ಜನನ 49.3%, ಫ್ರೆಶ್‌ನಲ್ಲಿ 42.0%. ಓಎಚ್‌ಎಸ್‌ಎಸ್ 1.3% ಮತ್ತು 7.1%. ಮುಟ್ಟು ಸರಿ ಇರುವವರ ಮೇಲೆ 2018ರಲ್ಲಿ ಬಂದ ಟ್ರಯಲ್‌ಗಳಲ್ಲಿ ಆ ಲಾಭ ಕಾಣಲಿಲ್ಲ, ಹಾಗಾಗಿ "ಫ್ರೀಜ್ ಎಲ್ಲರಿಗೂ ಒಳ್ಳೇದು" ಎನ್ನುವುದು ತಪ್ಪು. ಪಿಸಿಓಎಸ್‌ಗೆ ಒಳ್ಳೇದು, ಅಷ್ಟೇ. ಒಂದು ಬೇಸರದ ಸಂಖ್ಯೆಯೂ ಅದರಲ್ಲೇ ಉಂಟು: ಫ್ರೀಜ್ ಗುಂಪಿನಲ್ಲಿ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಗೆ ಬಿಪಿ ಏರುವ ತೊಂದರೆ) 4.4%, ಫ್ರೆಶ್‌ನಲ್ಲಿ 1.4%. ಈಸ್ಟ್ರೊಜನ್ ಮಾತ್ರೆಯಿಂದ ಒಳಪದರ ಬೆಳೆಸುವ ಸೈಕಲ್‌ನಲ್ಲಿ ಕಾರ್ಪಸ್ ಲೂಟಿಯಂ (ಎಗ್ ಹೊರಬಂದ ಮೇಲೆ ಅಂಡಾಶಯದಲ್ಲಿ ಉಳಿದು ಹಾರ್ಮೋನ್ ಕೊಡುವ ಭಾಗ) ಇರುವುದಿಲ್ಲ, ಬಿಪಿ ಏರುವುದಕ್ಕೆ ಅದೂ ಒಂದು ಕಾರಣ ಎಂಬ ಅನುಮಾನ ಬಲವಾಗಿದೆ. ಫ್ರೋಜನ್ ಟ್ರಾನ್ಸ್‌ಫರ್‌ಗೆ ಲೆಟ್ರೊಜೋಲ್ ಕೊಟ್ಟು ಸ್ವಂತ ಓವ್ಯುಲೇಶನ್ ಮಾಡಿಸಬಹುದಾ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಫ್ರೀಜ್ ಹೊಸ ಫ್ಯಾಷನ್ ಎನ್ನುವವರಿಗೆ: ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ 1978ರಲ್ಲೇ ಎಚ್‌ಎಂಜಿ ಕೊಟ್ಟು, ಭ್ರೂಣ ಫ್ರೀಜ್ ಮಾಡಿ, ಬೇರೆ ಸೈಕಲ್‌ನಲ್ಲಿ ಟ್ರಾನ್ಸ್‌ಫರ್ ಮಾಡಿದ್ದರು. ಅದೇ ವರ್ಷದ ಇಂಗ್ಲೆಂಡಿನ ಮಗು, ಜಗತ್ತಿನ ಮೊದಲ ಐವಿಎಫ್ ಮಗು, ಸ್ಟಿಮ್ಯುಲೇಶನ್ ಇಲ್ಲದ ಸಹಜ ಸೈಕಲ್‌ನದ್ದು. ನಮ್ಮವರ ಕ್ರಮವೇ ಈಗ ಎಲ್ಲ ಕಡೆ ನಡೆಯುತ್ತಿರುವುದು. ಬದುಕಿರುವಾಗ ಅವರನ್ನು ಯಾರೂ ನಂಬಲಿಲ್ಲ, ಪಾಪ.

2021ರ ಎಆರ್‌ಟಿ ಕಾಯ್ದೆ ಪ್ರಕಾರ ಭ್ರೂಣ ಹತ್ತು ವರ್ಷದ ತನಕ ಇಡಬಹುದು. ವರ್ಷದ ಶುಲ್ಕ ಎಷ್ಟು, ಮೊದಲ ವರ್ಷ ಪ್ಯಾಕೇಜಿನಲ್ಲಿ ಸೇರಿದೆಯಾ, ಬರೆದು ತೆಗೊಳ್ಳಿ.

---

ಕೌಂಟರ್ ಹಿಂದಿನಿಂದ

ಪ್ರೋಟೊಕಾಲ್ ಸರಿ ಇದ್ದೂ ಸೈಕಲ್ ಕೆಡುವುದು ಸೂಜಿ ಹಾಕುವಲ್ಲಿ. ಮುಖ್ಯವಾದ್ದು ಬರೆಯುತ್ತೇನೆ.

ಫ್ರಿಡ್ಜ್ 2–8 ಡಿಗ್ರಿ. ಫ್ರೀಜರ್ ಅಲ್ಲ, ಫ್ರೀಜರ್‌ಗೆ ತಾಗಿದ ಮೇಲಿನ ಶೆಲ್ಫೂ ಅಲ್ಲ, ಬಾಗಿಲೂ ಬೇಡ. ನಡುವಿನ ಶೆಲ್ಫಲ್ಲಿ ಒಂದು ಡಬ್ಬಿಯೊಳಗೆ ಇಡಿ. ಪೆನ್ ಡಬ್ಬಿಯ ಮೇಲೆ "25 ಡಿಗ್ರಿ ತನಕ ಹೊರಗೆ ಇಡಬಹುದು" ಎಂದು ಬರೆದಿರುತ್ತದೆ, ನಮ್ಮ ಊರಲ್ಲಿ ಆ 25 ಡಿಗ್ರಿ ಎಲ್ಲುಂಟು? ಏಪ್ರಿಲ್-ಮೇಯಲ್ಲಿ ರಾತ್ರಿ ಕೂಡ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಬಾಗಿಲು ತೆರೆಯದೆ ಬಿಡಿ, ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಮಂಗಳೂರಿನಿಂದ ಕಾರ್ಕಳಕ್ಕೆ ಬಸ್ಸಲ್ಲಿ ತರುವಾಗ ಐಸ್‌ಪ್ಯಾಕ್ ಮತ್ತು ಔಷಧಿಯ ನಡುವೆ ಬಟ್ಟೆ ಇರಲಿ, ನೇರ ತಾಗಿ ಹೆಪ್ಪುಗಟ್ಟಿದ ಎಫ್‌ಎಸ್‌ಎಚ್ ಕೆಲಸಕ್ಕೆ ಬಾರದು, ನೋಡಿದರೆ ಗೊತ್ತೂ ಆಗುವುದಿಲ್ಲ.

ಸೆಟ್ರೊರೆಲಿಕ್ಸ್ ಪೌಡರ್. ದಪ್ಪ ಸೂಜಿಯಲ್ಲಿ 1 ಮಿಲಿ ನೀರು ನಿಧಾನ ಬಿಟ್ಟು, ವಯಲನ್ನು ಅಂಗೈ ನಡುವೆ ಮೆಲ್ಲ ತಿರುಗಿಸಿ. ಕುಲುಕಬಾರದು, ನೊರೆ ಬಂದರೆ ಅರ್ಧ ಡೋಸ್ ನೊರೆಯಲ್ಲೇ ಉಳಿಯುತ್ತದೆ. ಪೂರ್ತಿ ತಿಳಿಯಾದ ಮೇಲೆ ವಯಲ್ ಓರೆ ಮಾಡಿ ಕೊನೆಯ ಹನಿ ತನಕ ಎಳೆಯಿರಿ, ಆಮೇಲೆ ಸಣ್ಣ ಸೂಜಿಗೆ ಬದಲಾಯಿಸಿ. ಹೊಕ್ಕುಳಿನಿಂದ ನಾಲ್ಕು ಬೆರಳು ದೂರ, ಚರ್ಮ ಮಡಚಿ ಹಿಡಿದು ಹಾಕಬೇಕು. ಸುತ್ತ ಕೆಂಪಾಗಿ ತುರಿಸಿದರೆ ಹೆದರಬೇಡಿ, ಒಂದೆರಡು ಗಂಟೆಯಲ್ಲಿ ಹೋಗುತ್ತದೆ. ಹೊತ್ತು ಮಾತ್ರ ತಪ್ಪಬಾರದು. ಗ್ಯಾನಿರೆಲಿಕ್ಸ್‌ನಲ್ಲಿ ಎರಡು ಸೂಜಿಯ ನಡುವೆ, ಹಾಗೂ ಕೊನೆ ಸೂಜಿಯಿಂದ ಟ್ರಿಗರ್ ತನಕ, 30 ಗಂಟೆ ಮೀರಬಾರದು. ಬೆಳಿಗ್ಗೆ ಹಾಕುತ್ತಿದ್ದವರು ಒಂದು ದಿನ ಮದುವೆ ಮನೆಗೆ ಹೋಗಿ ಸಂಜೆ ಹಾಕಿದರೆ ಆ ಮಿತಿ ದಾಟಿತು.

ಪೆನ್: ಬಟನ್ ಒತ್ತಿದ ಮೇಲೆ ಹತ್ತು ಎಣಿಸುವ ತನಕ ಸೂಜಿ ಹೊರಗೆ ತೆಗೆಯಬೇಡಿ. ಕಿಟಕಿಯಲ್ಲಿ ಸೊನ್ನೆ ಬಾರದೆ 50 ಎಂದು ನಿಂತರೆ ಆ 50 ಒಳಗೆ ಹೋಗಲಿಲ್ಲ, ಪೆನ್ ಖಾಲಿ. ಹೊಸ ಪೆನ್‌ನಿಂದ ಆ 50 ಮಾತ್ರ ಹಾಕಬೇಕು, ಪೂರ್ತಿ ಡೋಸ್ ಅಲ್ಲ.

ಇನ್ನು ಅತಿ ಹೆಚ್ಚು ಎಡವಟ್ಟು ಆಗುವ ಜಾಗ, ಇನ್ಸುಲಿನ್ ಸಿರಿಂಜ್. ನಮ್ಮಲ್ಲಿ ಎರಡು ಬಗೆ ಸಿಗುತ್ತದೆ: ಕೆಂಪು ಮುಚ್ಚಳದ 40, ಕಿತ್ತಳೆ ಮುಚ್ಚಳದ 100. ಲ್ಯೂಪ್ರೊಲೈಡ್ "20 ಪಾಯಿಂಟ್ ಹಾಕಿ" ಎಂದು ಬಾಯಲ್ಲಿ ಹೇಳಿದರೆ 40ರ ಸಿರಿಂಜಲ್ಲಿ ಅದು 0.5 ಮಿಲಿ, 100ರಲ್ಲಿ 0.2 ಮಿಲಿ. ಟ್ರಿಗರ್ ರಾತ್ರಿ ಈ ತಪ್ಪಾದರೆ ಸೈಕಲ್ ಹೋಯ್ತು. ಡೋಸನ್ನು ಮಿಲಿ ಮತ್ತು ಮಿಗ್ರಾಂ ಎರಡರಲ್ಲೂ ಬರೆಸಿ, ಸಿರಿಂಜ್ ಅವರ ಕೈಯಿಂದಲೇ ತನ್ನಿ.

---

ಹಾರ್ಮೋನ್ ಲೆಕ್ಕ

ಟ್ರಿಗರ್ ರಾತ್ರಿಯದ್ದು ನೆನಪಿಸಿದ್ದು ಒಳ್ಳೇದಾಯ್ತು. ಪಿಕಪ್ 34–36 ಗಂಟೆಗೆ. ಬೆಳಿಗ್ಗೆ 9ಕ್ಕೆ ಓಟಿ ಇದ್ದರೆ ಹಿಂದಿನ ಹಿಂದಿನ ರಾತ್ರಿ 9 ಅಥವಾ 10. ಎಚ್‌ಸಿಜಿ ಒಳಗೆ ಹೋಯ್ತಾ ಎಂದು ನೋಡಲಿಕ್ಕೆ ಮರುದಿನ ಮೂತ್ರದ ಪ್ರೆಗ್ನೆನ್ಸಿ ಕಾರ್ಡ್ ಸಾಕು, ಎರಡು ಗೆರೆ ಬರಬೇಕು. ಅಗೊನಿಸ್ಟ್ ಟ್ರಿಗರ್‌ಗೆ ಕಾರ್ಡ್ ಆಗುವುದಿಲ್ಲ, ಸುಮಾರು 12 ಗಂಟೆ ನಂತರ ರಕ್ತದ ಎಲ್‌ಎಚ್ ನೋಡಬೇಕು. 15ರ ಮೇಲೆ ಇದ್ದರೆ ಧೈರ್ಯ. ಬಹಳ ಕಡಿಮೆ ಇದ್ದರೆ ಪಿಕಪ್ ಮುಂದೂಡಿ ಎಚ್‌ಸಿಜಿ ಕೊಡುವ ಅವಕಾಶ ಇನ್ನೂ ಇರುತ್ತದೆ. ಗರ್ಭನಿರೋಧಕ ಮಾತ್ರೆ ತುಂಬಾ ದಿನ ತಗೊಂಡು ಬಂದವರಲ್ಲಿ, ಮೂಲ ಎಲ್‌ಎಚ್ ತೀರಾ ಇಳಿದಿರುವವರಲ್ಲಿ ಹೀಗಾಗುತ್ತದೆ.

---

ಎಂ.ಎಸ್ಸಿ. ಸಿಸ್ಟರ್, ಕುಂದಾಪುರ

ಪಿಪಿಓಎಸ್ ಕಡೆಗೆ ಎಲ್ಲರೂ ವಾಲಿದ ಹಾಗೆ ಕಾಣುತ್ತದೆ, ನನಗೆ ಅಷ್ಟು ಒಪ್ಪಿಗೆ ಇಲ್ಲ. ಆಂಟಗೊನಿಸ್ಟ್‌ನಲ್ಲಿ ಕೊನೆಯ ದಿನದ ತನಕ ಆಯ್ಕೆ ಕೈಯಲ್ಲಿರುತ್ತದೆ. 112.5ರಲ್ಲಿ ಹತ್ತು-ಹನ್ನೆರಡೇ ಫಾಲಿಕಲ್ ಬೆಳೆದರೆ ಫ್ರೆಶ್ ಟ್ರಾನ್ಸ್‌ಫರ್ ಮಾಡಬಹುದು, ಫ್ರೀಜ್ ಖರ್ಚು ಮತ್ತು ಎರಡನೇ ತಿಂಗಳ ಓಡಾಟ ಉಳಿಯಿತು. ಮಾತ್ರೆ ಶುರು ಮಾಡಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ಮಾತ್ರೆ ಅಗ್ಗ ಎಂದು ಹೇಳುವಾಗ ಫ್ರೀಜಿಂಗ್ ಮತ್ತು ಫ್ರೋಜನ್ ಟ್ರಾನ್ಸ್‌ಫರ್ ಬಿಲ್ಲನ್ನೂ ಪಕ್ಕದಲ್ಲಿಟ್ಟು ಕೂಡಿಸಬೇಕು.

ಓಎಚ್‌ಎಸ್‌ಎಸ್ ನೋಡಿಕೊಳ್ಳುವುದು ಹೇಗೆ ಎಂದು ಯಾರೂ ಬರೆಯಲಿಲ್ಲ. ಟ್ರಿಗರ್ ದಿನದಿಂದ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ ಒಂದೇ ತಕ್ಕಡಿಯಲ್ಲಿ ತೂಕ. ದಿನಕ್ಕೆ 1 ಕೆಜಿಗಿಂತ ಹೆಚ್ಚಾದರೆ, ಮೂತ್ರ ಕಡಿಮೆಯಾಗಿ ಗಾಢವಾದರೆ, ಮಲಗಿದರೆ ಉಸಿರು ಕಟ್ಟಿದರೆ, ವಾಂತಿ ನಿಲ್ಲದಿದ್ದರೆ, ಕಾಲಿನ ಒಂದೇ ಮೀನಖಂಡ ಊದಿ ನೋವಾದರೆ, ರಾತ್ರಿಯಾದರೂ ಫೋನ್ ಮಾಡಿ, ಬೆಳಿಗ್ಗೆಗೆ ಕಾಯಬಾರದು. ಅಪಾಯ ಇರುವವರಿಗೆ ಟ್ರಿಗರ್ ದಿನದಿಂದ ಕ್ಯಾಬರ್ಗೊಲಿನ್ 0.5 ಮಿಗ್ರಾಂ ಎಂಟು ದಿನ ಬರೆಯುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಹೊಡೆಯುತ್ತವೆ.

ಬೊಂಡದ (ಎಳನೀರಿನ) ಬಗ್ಗೆ. "ದಿನಕ್ಕೆ ಐದಾರು ಬೊಂಡ ಕುಡೀರಿ" ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಒಂದೆರಡು ಅಡ್ಡಿ ಇಲ್ಲ. ಮೂತ್ರ ಕಟ್ಟಿದವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಅಪಾಯ, ಗಂಭೀರ ಓಎಚ್‌ಎಸ್‌ಎಸ್‌ನಲ್ಲಿ ಪೊಟ್ಯಾಸಿಯಂ ಮೊದಲೇ ಏರಿರಬಹುದು. ಬಾಯಾರಿಕೆಗೆ ತಕ್ಕಷ್ಟು ನೀರು, ಉಪ್ಪು ಹಾಕಿದ ಗಂಜಿ ತಿಳಿ ಸಾಕು.

---

ಹಾರ್ಮೋನ್ ಲೆಕ್ಕ

ಸಿಸ್ಟರ್ ಹೇಳಿದ ಆಯ್ಕೆಯ ಮಾತು ಸಾಮಾನ್ಯ ಕೇಸಿಗೆ ಸರಿ. ಎಎಫ್‌ಸಿ 28ರಲ್ಲಿ ಹನ್ನೆರಡಕ್ಕೆ ನಿಲ್ಲುವುದು ಅಪರೂಪ. 11 ಮಿಮೀ ಮೇಲಿನ ಫಾಲಿಕಲ್ ಹದಿನೆಂಟು-ಇಪ್ಪತ್ತು ದಾಟಿದರೆ ಅಗೊನಿಸ್ಟ್ ಟ್ರಿಗರ್, ಆ ಟ್ರಿಗರ್ ನಂತರ ಕಾರ್ಪಸ್ ಲೂಟಿಯಂ ಕುಸಿಯುವುದರಿಂದ ಫ್ರೆಶ್‌ನಲ್ಲಿ ಹಿಡಿಯುವುದು ಕಡಿಮೆ, ಕೊನೆಗೆ ಫ್ರೀಜೇ. ಆಗ ಸೆಟ್ರೊರೆಲಿಕ್ಸ್‌ನ ಹಣ ಆಯ್ಕೆಯ ಹೆಸರಲ್ಲಿ ಹೋದದ್ದು. ಇನ್ನೊಂದು, ಫ್ರೆಶ್ ಮಾಡಿ ಗರ್ಭ ನಿಂತರೆ ಗರ್ಭದ್ದೇ ಎಚ್‌ಸಿಜಿ ಬಂದು ತಡವಾದ ಓಎಚ್‌ಎಸ್‌ಎಸ್ ಶುರುವಾಗಬಹುದು, ಅದು ಹೆಚ್ಚು ದಿನ ಎಳೆಯುತ್ತದೆ.

---

ಮಲ್ಪೆ ಗಾಳಿ

ನಡುವೆ ಬಾಯಿ ಹಾಕುತ್ತೇನೆ. ಇಲ್ಲಿ ತದ್ವಿರುದ್ಧ ಕೇಸು: 39 ವರ್ಷ, ಎಎಂಎಚ್ 0.6, ಎಎಫ್‌ಸಿ 5. 450 ಯೂನಿಟ್ ಬರೆದಿದ್ದಾರೆ. ಜಾಸ್ತಿ ಹಾಕಿದರೆ ಜಾಸ್ತಿ ಎಗ್ ಬರುತ್ತದಾ?

---

ಪೆಟ್ರಿ ಡಿಶ್

ಇಲ್ಲ. ಐದು ಫಾಲಿಕಲ್ ಇರುವಲ್ಲಿ ಔಷಧಿ ಆರನೆಯದನ್ನು ಹುಟ್ಟಿಸುವುದಿಲ್ಲ. ಯುರೋಪಿನ ಎಶ್ರೆ (ಸಂತಾನ ಚಿಕಿತ್ಸೆ ತಜ್ಞರ ಸಂಘ) ಮಾರ್ಗಸೂಚಿ ಕೂಡ 300ರ ಮೇಲೆ ಹೋಗಬೇಡಿ ಎನ್ನುತ್ತದೆ. ಲೆಟ್ರೊಜೋಲ್ 5 ಮಿಗ್ರಾಂ ಐದು ದಿನ, ಜೊತೆಗೆ 150ರ ಎಚ್‌ಎಂಜಿ ಹಾಕುವ ಮೈಲ್ಡ್ ಕ್ರಮವನ್ನೂ ಕೇಳಿ ನೋಡಿ. ಎಗ್ ಒಂದರ್ಧ ಕಡಿಮೆ ಬರಬಹುದು, ಮಗುವಿನ ಲೆಕ್ಕದಲ್ಲಿ ದೊಡ್ಡ ಡೋಸ್‌ಗೆ ಸೋಲುವುದಿಲ್ಲ, ಔಷಧಿ ಖರ್ಚು ಎಷ್ಟೋ ಇಳಿಯುತ್ತದೆ. ಉಳಿದ ಹಣದಲ್ಲಿ ಇನ್ನೊಂದು ಪಿಕಪ್ ಮಾಡಿಸಿ ಭ್ರೂಣ ಕೂಡಿಸಿಟ್ಟುಕೊಳ್ಳುವುದು ನನ್ನ ಆಯ್ಕೆ. ಗ್ರೋತ್ ಹಾರ್ಮೋನ್, ಡಿಎಚ್‌ಇಎ ಪುಡಿ ಎಂದು ಚೀಟಿ ಉದ್ದವಾದರೆ "ಇದರಿಂದ ಮಗು ಹೆಚ್ಚಾದ ಪುರಾವೆ ಉಂಟಾ" ಎಂದು ಕೇಳಿ.

---

ಕಾರ್ಕಳದವ

ಎಲ್ಲರಿಗೂ ಥ್ಯಾಂಕ್ಸ್. ಒಂದು ಉಳಿಯಿತು. ಸೂಜಿ ಮುಟ್ಟಿನ ಎರಡನೇ ದಿನ ಶುರು ಅಂತಾರೆ, ಮುಟ್ಟೇ 45 ದಿನವಾದರೂ ಬಾರದಿದ್ದರೆ ಆ ಎರಡನೇ ದಿನ ಎಂದು ಎಲ್ಲಿಂದ ಎಣಿಸುವುದು? ಮತ್ತೆ, ಎಲ್ಲ ಸ್ಕ್ಯಾನ್‌ಗೂ ಮಂಗಳೂರಿಗೇ ಬರಬೇಕಾ?

---

ಎಂ.ಎಸ್ಸಿ. ಸಿಸ್ಟರ್, ಕುಂದಾಪುರ

ಮೊದಲು ಪ್ರೆಗ್ನೆನ್ಸಿ ಟೆಸ್ಟ್, ಟ್ಯೂಬ್ ಬ್ಲಾಕ್ ಇದ್ದರೂ ಬಿಡಬೇಡಿ. ನೆಗೆಟಿವ್ ಇದ್ದರೆ ಮೆಡ್ರಾಕ್ಸಿಪ್ರೊಜೆಸ್ಟೆರಾನ್ 10 ಮಿಗ್ರಾಂ ಐದರಿಂದ ಹತ್ತು ದಿನ ಕೊಡುತ್ತಾರೆ, ನಿಲ್ಲಿಸಿ ವಾರದೊಳಗೆ ಮುಟ್ಟು ಬರುತ್ತದೆ. ಎಲ್ಲ ಫ್ರೀಜ್ ಎಂದು ಮೊದಲೇ ತೀರ್ಮಾನವಾಗಿದ್ದರೆ ಮುಟ್ಟಿಗೆ ಕಾಯದೆ ಯಾವ ದಿನವೂ ಶುರು ಮಾಡಬಹುದು, ಒಳಪದರದ ಹಂಗಿಲ್ಲವಲ್ಲ. ಪಿಪಿಓಎಸ್‌ನಲ್ಲಿ ನಾನು ಒಪ್ಪುವ ಅನುಕೂಲ ಅದು.

ಸ್ಕ್ಯಾನ್ ಮೂರು-ನಾಲ್ಕು ಆಗುತ್ತದೆ: ಶುರುವಿನ ದಿನ, ಸೂಜಿಯ ಐದಾರನೇ ದಿನ, ಎಂಟು, ಹತ್ತು. ಮೊದಲಿನದ್ದು ಕಾರ್ಕಳದಲ್ಲೇ ಮಾಡಿಸಿ ಫೋಟೊ ಕಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಎಂಟನೇ ದಿನದ ನಂತರದ್ದು ಒಂದೇ ಮೆಷಿನ್, ಒಬ್ಬರೇ ಡಾಕ್ಟ್ರು. ಫಾಲಿಕಲ್ ಉದ್ದ-ಅಡ್ಡ ಎರಡೂ ಅಳೆದು ಸರಾಸರಿ ತೆಗೆಯಬೇಕು. ಒಬ್ಬರು ಉದ್ದ ಮಾತ್ರ ಬರೆದರೆ 15 ಇರುವುದು 18 ಎಂದಾಗಿ ಟ್ರಿಗರ್ ಒಂದು ದಿನ ಬೇಗ ಆಗಿಬಿಡುತ್ತದೆ.